ಹತ್ತು ಸಾವಿರದೊಳಗೆ ಅಪ್ಪನ ಸ್ಟೀರಿಯೋ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೇಳ್ತಾ ಇದ್ರೆ ಮೊದಲು ವಾಲ್ಯೂಮ್ ಎರಡು ಗೆರೆ ಇಳಿಸಿ. ಯಾಕೆ ಅಂತ ಕೊನೆಯಲ್ಲಿ ಹೇಳ್ತೀನಿ.

ನನಗೆ ಬರೋ ಮೆಸೇಜ್‌ಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಇರುತ್ತೆ. "ಅಕ್ಕಾ, ಮನೆಯಲ್ಲಿ ಒಳ್ಳೆ ಸೌಂಡ್ ಬೇಕು. ಕೈಯಲ್ಲಿ ಹತ್ತು ಸಾವಿರ ಇದೆ. ಏನು ತಗೊಳ್ಳಲಿ?" ಇದಕ್ಕೆ ನಾನು ಒಂದು ವರ್ಷದ ಹಿಂದೆ ಉತ್ತರ ಕೊಟ್ಟಿದ್ರೆ ಒಂದು ಲಿಂಕ್ ಕಳಿಸಿ ಸುಮ್ಮನಾಗ್ತಿದ್ದೆ. ಈಗ ಹಾಗೆ ಮಾಡೋಕೆ ಆಗಲ್ಲ. ಯಾಕಂದ್ರೆ ಇದೇ ವಿಷಯದಲ್ಲಿ ನಾನೇ ದುಡ್ಡು ಕಳ್ಕೊಂಡೆ, ಆಮೇಲೆ ನಾನೇ ಸರಿ ಮಾಡಿದೆ, ಮಧ್ಯದಲ್ಲಿ ದುಡ್ಡಿಗೆ ಸಂಬಂಧವೇ ಇಲ್ಲದ ಒಂದು ವಿಷಯ ಗೊತ್ತಾಯ್ತು. ಇವತ್ತು ಆ ಲೆಕ್ಕ ಪೂರ್ತಿ ಒಪ್ಪಿಸ್ತೀನಿ. ಬಿ.ಕಾಂ ಓದಿದವಳು ನಾನು, ಲೆಕ್ಕ ತಪ್ಪಿದ್ರೆ ನಿದ್ದೆ ಬರಲ್ಲ.

ನಮ್ಮ ಮನೆ ಮೈಸೂರಿನಲ್ಲಿ. ಅಪ್ಪ ಟೈಲರ್. ಪ್ಯಾಂಟು, ಷರ್ಟು, ಮದುವೆ ಸೂಟು. ಅಂಗಡಿ ಅಂದ್ರೆ ಹತ್ತಡಿಗೆ ಹನ್ನೆರಡಡಿ ಜಾಗ, ಎರಡು ಮೆಷಿನ್ನು, ಒಂದು ಕಟಿಂಗ್ ಟೇಬಲ್ಲು, ಮೂಲೆಯಲ್ಲಿ ಒಂದು ಸ್ಟೀರಿಯೋ. 1998ರ ದಸರಾ ಸೀಸನ್ ಚೆನ್ನಾಗಿ ಆಗಿತ್ತಂತೆ. ಆ ದುಡ್ಡಲ್ಲಿ ಯಾರೋ ಊರು ಬಿಟ್ಟು ಹೋಗೋರ ಹತ್ತಿರ ಒಂದು ಆಂಪ್ಲಿಫೈಯರ್, ಎರಡು ಮರದ ಪೆಟ್ಟಿಗೆ ಸ್ಪೀಕರ್ ಸೆಕೆಂಡ್ ಹ್ಯಾಂಡ್ ತಗೊಂಡಿದ್ರು. ಬೆಳಗ್ಗೆ ಆಕಾಶವಾಣಿ, ಮಧ್ಯಾಹ್ನ ಕ್ಯಾಸೆಟ್ಟು, ಸಂಜೆ ಮತ್ತೆ ಆಕಾಶವಾಣಿ. ಆಕಾಶವಾಣಿ ಅನ್ನೋ ಹೆಸರಿಗೂ ಮೈಸೂರಿಗೂ ಇರೋ ನಂಟು ನಿಮಗೆ ಗೊತ್ತಿರಬಹುದು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅನ್ನೋ ಪ್ರಾಧ್ಯಾಪಕರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ್ದು ಇದೇ ಊರಲ್ಲಿ. ಅಪ್ಪನಿಗೆ ಅದೊಂದು ಹೆಮ್ಮೆ, ತಾವೇ ಶುರು ಮಾಡಿದ ಹಾಗೆ ಹೇಳ್ತಾರೆ. ನಾನು ಸ್ಕೂಲ್ ಮುಗಿಸಿ ಅಂಗಡಿಗೆ ಬಂದು ಕಟಿಂಗ್ ಟೇಬಲ್ ಕೆಳಗೆ ಕೂತು ಹೋಮ್‌ವರ್ಕ್ ಮಾಡ್ತಿದ್ದದ್ದು ಆ ಸ್ಪೀಕರ್ ಪಕ್ಕದಲ್ಲೇ.

ಎರಡು ವರ್ಷದ ಹಿಂದೆ ಅಂಗಡಿ ಮುಚ್ಚಿದ್ರು. ರೆಡಿಮೇಡ್ ಬಂದು ವ್ಯಾಪಾರ ಕಮ್ಮಿ ಆಗಿತ್ತು, ಅದು ನಿಜ. ಆದ್ರೆ ಕೊನೆಯ ಹೊಡೆತ ಒಂದು ಮದುವೆ ಸೂಟಿಂದ ಬಿತ್ತು. ಗಿರಾಕಿ ಹದಿನಾಲ್ಕನೇ ತಾರೀಕಿಗೆ ಬೇಕು ಅಂದಿದ್ರಂತೆ. ಅಪ್ಪ ಪುಸ್ತಕದಲ್ಲಿ ಹದಿನಾರು ಅಂತ ಬರೆದುಕೊಂಡಿದ್ರು. ಹದಿನಾಲ್ಕರ ಬೆಳಗ್ಗೆ ಹುಡುಗನ ಕಡೆಯವರು ಅಂಗಡಿಗೆ ಬಂದಾಗ ಕೋಟಿಗೆ ಇನ್ನೂ ತೋಳೇ ಕೂರಿಸಿರಲಿಲ್ಲ. ಬೀದಿಯಲ್ಲೆಲ್ಲಾ ಕೇಳೋ ಹಾಗೆ ಬೈದು ಹೋದ್ರು. ಅಪ್ಪ ಅಡ್ವಾನ್ಸ್ ವಾಪಸ್ ಕೊಟ್ರು. ಆಮೇಲೆ "ವಯಸ್ಸಾಯ್ತು, ಮರೆವು ಶುರುವಾಗಿದೆ, ಇನ್ನು ಸಾಕು" ಅಂದ್ರು. ಮೂರು ತಿಂಗಳಲ್ಲಿ ಬಾಗಿಲು ಹಾಕಿ, ಸ್ಟೀರಿಯೋನ ಆಟೋದಲ್ಲಿ ಮನೆಗೆ ತಂದು, ಹಾಲ್‌ನಲ್ಲಿ ಬೀರು ಮೇಲೆ ಇಟ್ರು. ಅದರ ಮೇಲೊಂದು ಟವಲ್ ಹೊದಿಸಿದ್ರು.

ನಾನು ಬೆಂಗಳೂರಲ್ಲಿ ಇರೋದು. ಊರಿಗೆ ಹೋದಾಗೆಲ್ಲ ಅಪ್ಪ ಫೋನನ್ನ ಕಿವಿಗೆ ಹಿಡ್ಕೊಂಡು ಹಾಡು ಕೇಳ್ತಾ ಕೂತಿರೋರು. ಸ್ಟೀರಿಯೋ ಯಾಕೆ ಹಾಕಲ್ಲ ಅಂದ್ರೆ, "ಅದು ಕೆಟ್ಟಿದೆ ಪುಟ್ಟಿ, ಬರೀ ಗೊರಗೊರ ಅನ್ನುತ್ತೆ."

ಇಲ್ಲಿ ನಾನು ಮಾಡಿದ ತಪ್ಪು ಕೇಳಿ. ಹಬ್ಬದ ಸೇಲ್‌ನಲ್ಲಿ ಒಂದು ಸೌಂಡ್‌ಬಾರ್ ನೋಡಿದೆ. ₹13,500. ನೋ ಕಾಸ್ಟ್ ಇಎಂಐ. ತಗೊಂಡೇ ಬಿಟ್ಟೆ. ಆಮೇಲೆ ಕ್ರೆಡಿಟ್ ಕಾರ್ಡ್ ಬಿಲ್ ನೋಡಿದ್ರೆ ಪ್ರೊಸೆಸಿಂಗ್ ಫೀಸು ಒಂದು ಕಡೆ, ಬಡ್ಡಿ ಮೇಲಿನ ಜಿಎಸ್‌ಟಿ ಇನ್ನೊಂದು ಕಡೆ. ಕಾಮರ್ಸ್ ಓದಿದವಳೇ ಇದನ್ನ ಗಮನಿಸಿರಲಿಲ್ಲ ಅಂದ್ರೆ ನಿಮ್ಮನ್ನ ಏನು ಹೇಳಲಿ. ಬೆಲೆಯ ಕೆಳಗಿರೋ ಸಣ್ಣಕ್ಷರ ಓದಿ, ಅಷ್ಟೇ.

ಅಪ್ಪ ಒಂದು ವಾರ ನನ್ನ ಖುಷಿಗೆ ಅದನ್ನ ಹಾಕಿದ್ರು. ಆಮೇಲೆ ಅಮ್ಮ ಫೋನಲ್ಲಿ ಹೇಳಿದ್ಳು, "ಮತ್ತೆ ಮೊಬೈಲ್ ಕಿವಿಗಿಟ್ಕೊಂಡಿದ್ದಾರೆ ಕಣೇ." ಕೇಳಿದ್ರೆ ಅಪ್ಪ ಅಂದದ್ದು, "ಸದ್ದು ಜಾಸ್ತಿ ಇದೆ, ಆದ್ರೆ ಹಾಡು ಬರ್ತಿಲ್ಲ." ಈ ಮಾತು ನೆನಪಿಟ್ಟುಕೊಳ್ಳಿ. ನನಗೆ ಆಗ ಇದು ಅರ್ಥ ಆಗಲಿಲ್ಲ. ಅಪ್ಪನಿಗೆ ಹಳೇದರ ಮೋಹ ಅಂದುಕೊಂಡೆ.

ಸೌಂಡ್‌ಬಾರ್ ಮಾರಿದೆ. ₹7,000 ಬಂತು. ಕೊಟ್ಟಿದ್ದೀನಲ್ಲ ಅಂತ ಮನೆಯಲ್ಲೇ ಇಟ್ಕೊಂಡಿದ್ರೆ ಅದು ಇನ್ನೂ ಇಳಿಯೋದು. ಹೋದ ದುಡ್ಡು ಹೋಯ್ತು, ಅದನ್ನ ನೋಡಿಕೊಂಡು ಮುಂದಿನ ತೀರ್ಮಾನ ಮಾಡಬಾರದು. ಸಂಕ್ ಕಾಸ್ಟ್ ಅಂತ ಎರಡನೇ ವರ್ಷದಲ್ಲಿ ಓದಿದ್ದು ಅಂತೂ ಒಮ್ಮೆ ಉಪಯೋಗಕ್ಕೆ ಬಂತು. ಅದಕ್ಕೆ ಮೂರು ಸಾವಿರ ಸೇರಿಸಿ ₹10,000 ಬಜೆಟ್ ಅಂತ ಇಟ್ಟುಕೊಂಡೆ. ಈ ಸಲ ಒಂದು ನಿಯಮ ಮಾಡ್ಕೊಂಡೆ: ಏನು ಕೆಟ್ಟಿದೆ ಅಂತ ಗೊತ್ತಾಗೋವರೆಗೆ ಏನೂ ಕೊಳ್ಳೋದಿಲ್ಲ.

ಟವಲ್ ತೆಗೆದು, ಧೂಳು ಒರೆಸಿ, ಅಪ್ಪನ ಸ್ಟೀರಿಯೋ ಆನ್ ಮಾಡಿದೆ. ಮೂರು ತೊಂದರೆ ಕಂಡವು. ಒಂದು, ವಾಲ್ಯೂಮ್ ತಿರುಗಿಸಿದ್ರೆ ಚರಚರ ಸದ್ದು. ಎರಡು, ಹಾಡು ಇಲ್ಲದಿದ್ದರೂ ಹಿಂದಿನಿಂದ ಒಂದು ಹಮ್. ಮೂರು, ಬೇಸ್ ಬಂದ ತಕ್ಷಣ ಸ್ಪೀಕರ್ ಗೊರಗೊರ. ಮುಂದಿನ ಬಟ್ಟೆ ಜಾಲರಿ ತೆಗೆದು ನೋಡಿದಾಗ ಮೂರನೆಯದಕ್ಕೆ ಕಾರಣ ಕಣ್ಣಿಗೇ ಕಾಣಿಸ್ತು. ದೊಡ್ಡ ಸ್ಪೀಕರ್ ಇದೆಯಲ್ಲ, ವೂಫರ್, ಅದರ ಕೋನ್ ಸುತ್ತ ಒಂದು ಮೆತ್ತನೆ ಅಂಚು ಇರುತ್ತೆ. ಕೋನ್ ಮುಂದೆ ಹಿಂದೆ ಆಡೋಕೆ ಅದೇ ಆಧಾರ. ಆ ಕಾಲದ ಎಷ್ಟೋ ಸ್ಪೀಕರ್‌ಗಳಲ್ಲಿ ಅದು ಫೋಮ್. ಹದಿನೈದು ಇಪ್ಪತ್ತು ವರ್ಷಕ್ಕೆ ಗಾಳಿ, ತೇವಕ್ಕೆ ಅದು ಪುಡಿಯಾಗುತ್ತೆ. ಬೆರಳು ತಾಗಿಸಿದೆ, ಹಳೇ ಬಿಸ್ಕತ್ತಿನ ಹಾಗೆ ಉದುರಿತು. ಕೋನ್, ಮ್ಯಾಗ್ನೆಟ್, ಕಾಯಿಲ್ ಎಲ್ಲಾ ಸರಿಯಾಗೇ ಇತ್ತು.

ಶಿವರಾಂಪೇಟೆ ಕಡೆ ಒಂದು ಗಲ್ಲಿಯಲ್ಲಿ ರಿಪೇರಿ ಮಾಡೋ ಹಿರಿಯರೊಬ್ಬರು ಸಿಕ್ಕರು. ಅದಕ್ಕೆ ಮುಂಚೆ ಎರಡು ಅಂಗಡಿಯಲ್ಲಿ "ಮೇಡಂ, ಇದು ಗುಜರಿಗೆ ಹಾಕಿ, ಹೊಸದು ತಗೊಳ್ಳಿ" ಅಂದಿದ್ರು. ಇವರು ವೂಫರ್‌ನ ಕೈಯಲ್ಲಿ ಹಿಡಿದು, ಕೋನ್‌ನ ಎರಡು ಹೆಬ್ಬೆರಳಲ್ಲಿ ಸಮವಾಗಿ ಒತ್ತಿ ಕಿವಿ ಕೊಟ್ಟು ಕೇಳಿದ್ರು. "ನೋಡಮ್ಮ, ಒಳಗೆ ಉಜ್ತಾ ಇಲ್ಲ. ಕಾಯಿಲ್ ಚೆನ್ನಾಗಿದೆ. ಫೋಮ್ ರಿಂಗ್ ಹಾಕಿದ್ರೆ ಇನ್ನೂ ಹತ್ತು ವರ್ಷ ಹಾಡುತ್ತೆ" ಅಂದ್ರು. ಎರಡು ವೂಫರ್‌ಗೆ ರಿಂಗ್ ಅಂಟಿಸಿದ್ದಕ್ಕೆ ₹900. ಪೆಟ್ಟಿಗೆ ಒಳಗೆ ದಪ್ಪ ಸದ್ದನ್ನ ವೂಫರ್‌ಗೂ ಸಣ್ಣ ಸದ್ದನ್ನ ಟ್ವೀಟರ್‌ಗೂ ಹಂಚೋ ಕ್ರಾಸ್‌ಓವರ್ ಇರುತ್ತೆ. ಅದರಲ್ಲಿದ್ದ ಒಣಗಿದ ಕಂಡೆನ್ಸರ್ ಬದಲಾಯಿಸಿದ್ದಕ್ಕೆ ₹200. ಕೆಪಾಸಿಟರ್‌ಗೆ ರಿಪೇರಿಯವರು ಕಂಡೆನ್ಸರ್ ಅಂತಲೇ ಅನ್ನೋದು, ನೀವು ಹೋದಾಗ ಗೊತ್ತಿರಲಿ.

ಆಂಪ್ಲಿಫೈಯರ್‌ದು ಅದಕ್ಕಿಂತ ಸುಲಭ. ಚರಚರ ಸದ್ದು ವಾಲ್ಯೂಮ್ ಕಂಟ್ರೋಲ್ ಒಳಗಿನ ಧೂಳಿಂದ. ಕ್ಲೀನರ್ ಸ್ಪ್ರೇ ಹಾಕಿ ಹತ್ತಿಪ್ಪತ್ತು ಸಲ ತಿರುಗಿಸಿದ್ರು, ಹೋಯ್ತು. ಹಮ್ ಬರ್ತಿದ್ದದ್ದು ಪವರ್ ಸಪ್ಲೈನ ಹಳೇ ಕಂಡೆನ್ಸರ್‌ಗಳಿಂದ. ನಮ್ಮ ಮನೆ ಕರೆಂಟ್ 50 ಹರ್ಟ್ಸ್ ಅಲ್ವಾ, ಅದನ್ನ ನೀಟಾಗಿ ಡಿಸಿ ಮಾಡೋ ಕೆಲಸ ಅವುಗಳದ್ದು. ಅವು ಸೋತಾಗ ಆ ಕರೆಂಟಿನ ಗುನುಗು ಸ್ಪೀಕರಿಗೂ ಬರುತ್ತೆ. ಬದಲಾಯಿಸಿ, ಸರ್ವಿಸ್ ಎಲ್ಲಾ ಸೇರಿ ₹1,100.

ಇಲ್ಲಿ ಒಂದು ಎಚ್ಚರಿಕೆ. ಯೂಟ್ಯೂಬ್ ನೋಡಿ ಆಂಪ್ಲಿಫೈಯರ್ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಆ ದೊಡ್ಡ ಕಂಡೆನ್ಸರ್‌ಗಳಲ್ಲಿ ಕರೆಂಟ್ ಉಳಿದಿರುತ್ತೆ. ಇನ್ನೊಂದು, ಹಮ್ ಹೋಗುತ್ತೆ ಅಂತ ಯಾರಾದ್ರೂ ಮೂರು ಪಿನ್ ಪ್ಲಗ್‌ನ ಅರ್ತ್ ಪಿನ್ ಕತ್ತರಿಸೋಕೆ ಹೇಳಿದ್ರೆ ಕೇಳಬೇಡಿ. ಹಮ್ ಹೋಗಬಹುದು, ಆದ್ರೆ ಶಾಕ್ ಹೊಡೆದಾಗ ಕಾಪಾಡೋದು ಅದೇ ಪಿನ್ನು.

"ಅಕ್ಕಾ, ಆಂಪ್ ಎಷ್ಟು ವಾಟ್ಸ್?" ಅಂತ ಕೇಳ್ತೀರ, ಗೊತ್ತು. ಅಪ್ಪನದು ಒಂದೊಂದು ಕಡೆಗೆ 25 ವಾಟ್ಸ್ ಆರ್‌ಎಂಎಸ್. ಕಮ್ಮಿ ಅನಿಸ್ತಾ? ನಮ್ಮ ಬಾಲ್ಯದಲ್ಲಿ ಟೇಪ್ ರೆಕಾರ್ಡರ್ ಮೇಲೆ ಸಾವಿರಗಟ್ಟಲೆ ವಾಟ್ಸ್ ಪಿಎಂಪಿಒ ಅಂತ ಸ್ಟಿಕ್ಕರ್ ಇರ್ತಿತ್ತು. ಅದಕ್ಕೆ ಯಾವ ಸರಿಯಾದ ಅಳತೆಯೂ ಇಲ್ಲ, ಬರೆದವರ ಧೈರ್ಯ ಇದ್ದಷ್ಟು. ನೋಡಬೇಕಾದ್ದು ಆರ್‌ಎಂಎಸ್. ಅದರಲ್ಲೂ ವಾಟ್ಸ್ ಎರಡರಷ್ಟು ಮಾಡಿದ್ರೆ ಸಿಗೋದು ಬರೀ 3 ಡೆಸಿಬಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದ್ರೆ ಸುಮಾರು 10 ಡೆಸಿಬಲ್ ಬೇಕು, ಅಂದ್ರೆ ಹತ್ತರಷ್ಟು ವಾಟ್ಸ್. ಹಾಗಾಗಿ 25ರಿಂದ 50ಕ್ಕೆ ಹೋಗೋಕೆ ಐದು ಸಾವಿರ ಖರ್ಚು ಮಾಡಿದ್ರೆ ವ್ಯತ್ಯಾಸ ಅಷ್ಟಕ್ಕಷ್ಟೆ. ಅದರ ಬದಲು ಸ್ಪೀಕರಿನ ಸೆನ್ಸಿಟಿವಿಟಿ ನೋಡಿ. 86 ಡೆಸಿಬಲ್‌ನ ಸ್ಪೀಕರ್ ಬದಲು 89ರದ್ದು ತಗೊಂಡ್ರೆ ಅರ್ಧ ಪವರ್‌ನಲ್ಲೇ ಅಷ್ಟೇ ಸದ್ದು ಬರುತ್ತೆ. ಹತ್ತಡಿ ಹನ್ನೆರಡಡಿ ರೂಮಲ್ಲಿ ಮಾಮೂಲಾಗಿ ಹಾಡು ಕೇಳುವಾಗ ಒಂದೆರಡು ವಾಟ್ಸ್ ಖರ್ಚಾದ್ರೆ ಹೆಚ್ಚು.

ಮುಂದಿನದು, ಫೋನಿಂದ ಹಾಡು ಆಂಪ್ಲಿಫೈಯರಿಗೆ ಹೋಗೋದು ಹೇಗೆ. ಒಂದು ಬ್ಲೂಟೂತ್ ರಿಸೀವರ್ ತಗೊಂಡೆ, ₹1,800. ಹಿಂದೆ ಆಕ್ಸ್, ಟೇಪ್, ಟ್ಯೂನರ್ ಅಂತ ಬರೆದಿರೋ ಯಾವ ತೂತಿಗೆ ಬೇಕಾದ್ರೂ ಚುಚ್ಚಬಹುದು. ಫೋನೋ ಅಂತ ಇರೋದಕ್ಕೆ ಮಾತ್ರ ಬೇಡ, ಅದು ಗ್ರಾಮಫೋನ್ ಪ್ಲೇಯರಿಗೆ ಮಾಡಿದ್ದು, ಸದ್ದು ಒಡೆದು ಬರುತ್ತೆ. ಎಲ್‌ಡಿಎಸಿ, ಆಪ್ಟ್‌ಎಕ್ಸ್ ಅಂತ ಹೆಸರು ನೋಡಿ ಜಾಸ್ತಿ ದುಡ್ಡು ಕೊಡೋಕೆ ಮುಂಚೆ ನಿಮ್ಮ ಫೋನಿನಲ್ಲಿ ಅದು ಇದೆಯಾ ನೋಡಿ. ಐಫೋನ್ ಆದ್ರೆ ಬ್ಲೂಟೂತಲ್ಲಿ ಎಎಸಿ ಸಿಗುತ್ತೆ, ಎಲ್‌ಡಿಎಸಿ ಸಿಗಲ್ಲ. ಅದಕ್ಕಿಂತ ಮುಖ್ಯ, ಮ್ಯೂಸಿಕ್ ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಡೇಟಾ ಸೇವರ್ ತೆಗೆದು ಕ್ವಾಲಿಟಿ ಮೇಲಕ್ಕೆ ಹಾಕಿ. ದುಡ್ಡಿಲ್ಲದ ಅಪ್‌ಗ್ರೇಡ್ ಅದು. ಅಪ್ಪ ಕೇಳ್ತಿದ್ದ ಎಷ್ಟೋ ಹಾಡುಗಳು ಯಾರೋ ಸವೆದ ಕ್ಯಾಸೆಟ್ಟಿಂದ ಎತ್ತಿ ಯೂಟ್ಯೂಬಿಗೆ ಹಾಕಿದ್ದು. ಅದೇ ಹಾಡನ್ನ ಆಡಿಯೋ ಕಂಪನಿಯವರೇ ಹಾಕಿರೋ ಕಡೆ ಹುಡುಕಿ ಪ್ಲೇಲಿಸ್ಟ್ ಮಾಡಿಕೊಟ್ಟೆ.

ವೈರು. ಹಿಂದೆ ಅಪ್ಪ ಸೀರಿಯಲ್ ಸೆಟ್ ದೀಪದ ವೈರಿನಷ್ಟು ತೆಳ್ಳಗಿನದ್ದು ಹಾಕಿದ್ರು. ಹತ್ತು ಮೀಟರ್ ತಾಮ್ರದ ಸ್ಪೀಕರ್ ವೈರ್ ತಂದೆ, ₹700. ಬೆಂಗಳೂರಿನವರು ಎಸ್.ಪಿ. ರೋಡಿಗೆ ಹೋಗಿ. ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ ಕೂಡ ಕೊಡ್ತಾರೆ, ತುದಿ ಚಾಕುವಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ರೆ ಬೇಡ ಅನ್ನಿ. ಮೀಟರಿಗೆ ಸಾವಿರಗಟ್ಟಲೆ ಬೆಲೆ ಇರೋ ವೈರು ನಮ್ಮ ಬಜೆಟ್ಟಿಗಂತೂ ಬೇಡ.

ವೈರ್ ಜೋಡಿಸುವಾಗ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್. ಒಂದು ಸ್ಪೀಕರಿಗೆ ಉಲ್ಟಾ ಆದ್ರೆ ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತೆ, ಬೇಸ್ ಮಾಯ. ಗುರುತು ಅಳಿಸಿಹೋಗಿದ್ರೆ ಆಂಪ್ಲಿಫೈಯರ್‌ನಿಂದ ಬಿಚ್ಚಿದ ವೈರಿಗೆ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಒಂದು ಕ್ಷಣ ತಾಗಿಸಿ. ಕೋನ್ ಮುಂದೆ ಬಂದ್ರೆ ಸೆಲ್ಲಿನ ಪ್ಲಸ್ ತಾಗಿದ ತುದಿಯೇ ಪ್ಲಸ್ಸು.

ಇಲ್ಲಿವರೆಗೂ ನಾನು ಮಾಡಿದ್ದು. ಮುಂದಿನ ಭಾಗ ಅಪ್ಪ ಮಾಡಿದ್ದು.

ಸ್ಪೀಕರ್ ಬೀರು ಮೇಲಿಂದ ಇಳಿಸಿದ್ವಿ. ಮೂಲೆಗೆ, ಗೋಡೆಗೆ ಅಂಟಿಸಿ ಇಟ್ರೆ ಬೇಸ್ ಗುಂ ಅಂತ ಊದುತ್ತೆ, ತಲೆ ಮೇಲೆ ಇಟ್ರೆ ಹಾಡು ಛಾವಣಿಗೆ ಹೋಗುತ್ತೆ. ನೀವು ಕೂತಾಗ ಕಿವಿ ಎಷ್ಟು ಎತ್ತರಕ್ಕೆ ಬರುತ್ತೋ ಟ್ವೀಟರ್ ಅಷ್ಟೇ ಎತ್ತರದಲ್ಲಿ ಇರಲಿ. ಎರಡು ಸ್ಪೀಕರ್ ಮಧ್ಯದ ದೂರ ಎಷ್ಟೋ, ನೀವು ಕೂರೋ ಜಾಗಕ್ಕೂ ಅಷ್ಟೇ ದೂರ. ಗೋಡೆಯಿಂದ ಒಂದಡಿಯಾದ್ರೂ ಮುಂದೆ. ಪರಿಚಯದ ಬಡಗಿ ಹತ್ತಿರ ಉಳಿದ ಮರದಲ್ಲಿ ಎರಡು ಸ್ಟ್ಯಾಂಡ್ ಮಾಡಿಸಿದೆ, ₹1,000.

ಆದ್ರೂ ಹಾಲ್‌ನಲ್ಲಿ ಗುಂಯ್ ಅನ್ನೋದು ನಿಲ್ಲಲಿಲ್ಲ. ನಿಮ್ಮ ಮನೆಯಲ್ಲಿ ರೂಮಿನ ಮಧ್ಯೆ ನಿಂತು ಒಂದು ಚಪ್ಪಾಳೆ ಹೊಡೆದು ನೋಡಿ. ಚಪ್ಪಾಳೆ ಹಿಂದೆ ಟಿರ್ರ್ ಅಂತ ಇನ್ನೊಂದು ಸದ್ದು ಬಂದ್ರೆ ಅದು ಗೋಡೆಯಿಂದ ಗೋಡೆಗೆ ಪುಟಿಯೋ ಸದ್ದು. ಟೈಲ್ಸ್ ನೆಲ, ಆರ್‌ಸಿಸಿ ಸೂರು, ಬರೀ ಗೋಡೆ ಇದ್ರೆ ಇದು ಜಾಸ್ತಿ. ಇದಕ್ಕೆ ಮದ್ದು ದಪ್ಪ ಬಟ್ಟೆ. ಆನ್‌ಲೈನಲ್ಲಿ ದಪ್ಪ ಕರ್ಟನ್ ಬೆಲೆ ನೋಡ್ತಾ ಕೂತಿದ್ದೆ. ಅಪ್ಪ ಬಗ್ಗಿ ಫೋನ್ ನೋಡಿದ್ರು.

"ಇದಕ್ಕೆ ಎರಡು ಸಾವಿರನಾ? ಇಲ್ಲಿ ಕೊಡು."

ಅಟ್ಟದ ಮೇಲಿಂದ ಒಂದು ಗೋಣಿಚೀಲ ಇಳಿಸಿದ್ರು. ಮೂವತ್ತು ವರ್ಷದ ಸೂಟಿಂಗ್ ಪೀಸ್‌ಗಳು, ಗಿರಾಕಿಗಳು ಬಿಟ್ಟುಹೋಗಿದ್ದ ಕತ್ತರಿ ಬಟ್ಟೆ. ಎರಡು ವರ್ಷದಿಂದ ಮುಟ್ಟದ ಮೆಷಿನ್ನಿಗೆ ಎಣ್ಣೆ ಬಿಟ್ರು. ಎರಡು ದಿನ ಕೂತು ಬೂದಿ, ನೀಲಿ, ಕಂದು ಬಣ್ಣದ ತುಂಡುಗಳನ್ನ ಜೋಡಿಸಿ, ಮಧ್ಯೆ ಹಳೇ ಕಂಬಳಿ ಇಟ್ಟು ಎದುರಿನ ಗೋಡೆಗೆ ಒಂದು ಪರದೆ ಹೊಲಿದ್ರು. ಪರದೆ ಏರಿಸಿ ಚಪ್ಪಾಳೆ ಹೊಡೆದ್ವಿ. ಟಿರ್ರ್ ನಿಂತಿತ್ತು.

ಸ್ಪೀಕರ್ ಮುಂದಿನ ಜಾಲರಿ ಬಟ್ಟೆಯೂ ಹರಿದಿತ್ತು. ಅದಕ್ಕೆ ಯಾವ ಬಟ್ಟೆ ಬೇಕಾದ್ರೂ ಹಾಕೋ ಹಾಗಿಲ್ಲ, ಸದ್ದು ಆಚೆ ಬರಬೇಕು. ಬಾಯಿಗೆ ಹಿಡಿದು ಊದಿದ್ರೆ ಗಾಳಿ ಸಲೀಸಾಗಿ ಹೋಗಬೇಕು ಅಂತ ಹೇಳಿದೆ ಅಷ್ಟೆ. ಅಪ್ಪ ಒಂದೊಂದೇ ತುಂಡು ಬಾಯಿಗೆ ಹಿಡಿದು ಊದಿ ನೋಡಿ, ಒಂದು ತೆಳು ಕಪ್ಪು ಬಟ್ಟೆ ಆರಿಸಿ, ಫ್ರೇಮಿಗೆ ಒಂದು ಸುಕ್ಕಿಲ್ಲದ ಹಾಗೆ ಎಳೆದು ಕೂರಿಸಿದ್ರು. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಾ ಇದ್ಳು, ಏನೂ ಮಾತಾಡಲಿಲ್ಲ. ಮೆಷಿನ್ ಸದ್ದು ಕೇಳಿ ಎಷ್ಟು ದಿನ ಆಗಿತ್ತು ಅಂತ ರಾತ್ರಿ ನನ್ನ ಹತ್ತಿರ ಹೇಳಿದ್ಳು.

ಮೊದಲ ಹಾಡು ಹಾಕಿದ್ದು ಒಂದು ಹಳೇ ಕನ್ನಡ ಸಿನಿಮಾದ್ದು. ಆ ಕಾಲದ ಹೆಚ್ಚಿನ ಹಾಡುಗಳು ಮೋನೋ, ಅಂದ್ರೆ ಎರಡೂ ಸ್ಪೀಕರಲ್ಲಿ ಒಂದೇ ಸದ್ದು. ಸ್ಪೀಕರ್ ಸರಿಯಾಗಿ ಕೂರಿಸಿದ್ದೀರಾ ಅಂತ ಪರೀಕ್ಷೆ ಮಾಡೋಕೆ ಅದೇ ಒಳ್ಳೇದು. ದನಿ ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ, ಸರಿಯಾಗಿ ಮಧ್ಯದಲ್ಲಿ, ಏನೂ ಇಲ್ಲದ ಜಾಗದಿಂದ ಬರಬೇಕು. ಬಂತು. ನನಗೆ ಮೈ ಜುಮ್ ಅಂತು. ಅಪ್ಪನ ಮುಖ ನೋಡಿದೆ.

ಅಪ್ಪ ಎದ್ದು ಹೋಗಿ ಟ್ರೆಬಲ್ ಪೂರ್ತಿ ತಿರುಗಿಸಿದ್ರು. ನನ್ನ ಕಿವಿಗೆ ಚುಚ್ಚೋಕೆ ಶುರುವಾಯ್ತು. "ಬೇಸ್ ಚೆನ್ನಾಗಿದೆ ಪುಟ್ಟಿ. ಆದ್ರೆ ತಾಳ ಎಲ್ಲಿ? ಮುಂಚೆ ತಾಳ ಕೇಳಿಸ್ತಿತ್ತು" ಅಂದ್ರು.

ತಾಳ ಇತ್ತು. ನನಗೆ ಕೇಳಿಸ್ತಿತ್ತು, ಅಮ್ಮನಿಗೂ ಕೇಳಿಸ್ತಿತ್ತು.

ಸದ್ದು ಜಾಸ್ತಿ ಇದೆ, ಆದ್ರೆ ಹಾಡು ಬರ್ತಿಲ್ಲ ಅಂದಿದ್ರಲ್ಲ, ಆಗ ಅರ್ಥ ಆಯ್ತು. ನಾನು ರಿಪೇರಿ ಮಾಡಿಸಬೇಕಾದ್ದು ಬರೀ ಸ್ಟೀರಿಯೋ ಅಲ್ಲ.

ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಮೈಸೂರಿನವರು ಆಯಿಷ್ ಅಂತೀವಿ. ಬೇರೆ ಬೇರೆ ರಾಜ್ಯದಿಂದ ಅಲ್ಲಿಗೆ ಜನ ಬರ್ತಾರೆ. ನಾವು ಇದೇ ಊರಲ್ಲಿದ್ದು ಒಂದು ದಿನ ಒಳಗೆ ಹೋಗಿರಲಿಲ್ಲ. "ಕಿವುಡರ ಆಸ್ಪತ್ರೆಗೆ ನಾನ್ಯಾಕೆ" ಅಂತ ಅಪ್ಪ ಎರಡು ವಾರ ಸತಾಯಿಸಿದ್ರು. ಕೊನೆಗೆ, "ಆಂಪ್ಲಿಫೈಯರ್ ಸರ್ವಿಸ್ ಮಾಡಿಸಿದ್ವಿ, ಸ್ಪೀಕರ್ ಚೆಕ್ ಮಾಡಿಸಿದ್ವಿ, ಇದೊಂದು ಬಾಕಿ ಅಪ್ಪ, ಬನ್ನಿ" ಅಂದೆ. ನಕ್ಕು ಬಂದ್ರು.

ಸದ್ದು ಬರದ ಒಂದು ರೂಮಿನಲ್ಲಿ ಹೆಡ್‌ಫೋನ್ ಹಾಕಿ ಕೂರಿಸ್ತಾರೆ. ಬೀಪ್ ಕೇಳಿದಾಗ ಬಟನ್ ಒತ್ತಬೇಕು. ಕೊನೆಗೆ ಒಂದು ಗ್ರಾಫ್ ಕೊಡ್ತಾರೆ. ಅಪ್ಪನ ಗ್ರಾಫಲ್ಲಿ ದಪ್ಪ ಸದ್ದುಗಳ ಕಡೆ ಗೆರೆ ಮೇಲೇ ಇತ್ತು. 2000 ಹರ್ಟ್ಸ್ ದಾಟಿದ ಮೇಲೆ ಇಳಿಜಾರಿನ ಹಾಗೆ ಕೆಳಗೆ ಬಿದ್ದಿತ್ತು. ವಯಸ್ಸಾದ ಹಾಗೆ ಮೊದಲು ಹೋಗೋದು ಸಣ್ಣ, ಚೂಪು ಸದ್ದುಗಳೇ ಅಂತ ವಿವರಿಸಿದ್ರು. ತಾಳ, ಗೆಜ್ಜೆ ಅಲ್ಲಿ ಬರುತ್ತೆ. ಮಾತಿನಲ್ಲಿ ಅ, ಆ, ಒ, ಓ ದಪ್ಪ ಸದ್ದು, ಚೆನ್ನಾಗಿ ಕೇಳುತ್ತೆ. ಸ, ಶ, ಚ, ತ, ಕ ಇವೆಲ್ಲ ಸಣ್ಣ ಸದ್ದು. ಅದಕ್ಕೇ ಇಂಥವರು "ನೀವು ಮಾತಾಡ್ತಿರೋದು ಕೇಳಿಸ್ತಿದೆ, ಏನು ಅಂತ ಗೊತ್ತಾಗ್ತಿಲ್ಲ" ಅನ್ನೋದು. ವಾಲ್ಯೂಮ್ ಜಾಸ್ತಿ ಮಾಡಿದ್ರೆ ಕೇಳಿಸೋದೇ ಇನ್ನೂ ಜೋರಾಗುತ್ತೆ, ಕೇಳಿಸದ್ದು ಹಿಂದೆಯೇ ಉಳಿಯುತ್ತೆ. ಸೌಂಡ್‌ಬಾರ್‌ನಲ್ಲಿ ಆಗಿದ್ದು ಅದೇ.

ಆಚೆ ಬಂದು ಮರದ ಕೆಳಗೆ ಕೂತ್ವಿ. ಅಪ್ಪ ಗ್ರಾಫ್ ಹಿಡಿದುಕೊಂಡು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ರು, "ಹಾಗಾದ್ರೆ ಅವತ್ತು ಅವರು ಹದಿನಾಲ್ಕು ಅಂದಿದ್ದು, ನನಗೆ ಹದಿನಾರು ಅಂತ ಕೇಳಿಸಿರಬಹುದಾ?"

ಜೋರಾಗಿ ಹೇಳಿ ನೋಡಿ. ಹದಿನಾಲ್ಕು. ಹದಿನಾರು. ಕೊನೆಯ ಆ ಸಣ್ಣ ‘ಕ’ ಜಾರಿಹೋದ್ರೆ ಎಷ್ಟು ಹತ್ತಿರ ಇವೆ.

ಅದೇ ಕಾರಣ ಅಂತ ನಾನು ಪ್ರಮಾಣ ಮಾಡಿ ಹೇಳಲ್ಲ. ಆ ದಿನ ಮೆಷಿನ್ ಓಡ್ತಿತ್ತು, ಬೀದಿ ಗದ್ದಲ ಇತ್ತು, ಬೇರೆ ಏನಾದ್ರೂ ಇರಬಹುದು. ಆದ್ರೆ ಎರಡು ವರ್ಷ ಈ ಮನುಷ್ಯ ತನ್ನ ತಲೆ ಕೆಟ್ಟಿದೆ, ಮರೆವು ಬಂದಿದೆ ಅಂದುಕೊಂಡು ಕೂತಿದ್ರು. ನಾವೂ ಹಾಗೇ ಅಂದುಕೊಂಡಿದ್ವಿ. ಕರೆದಾಗ ಉತ್ತರ ಕೊಡದಿದ್ರೆ "ಗಮನವೇ ಇಲ್ಲ" ಅಂತ ನಾನೂ ಅಮ್ಮನೂ ರೇಗಿದ್ದೀವಿ. ಆ ಲೆಕ್ಕ ಯಾವ ಪುಸ್ತಕದಲ್ಲಿ ಬರೆಯೋದು ಗೊತ್ತಿಲ್ಲ.

ದುಡ್ಡಿನ ಲೆಕ್ಕ ಹೇಳಿಬಿಡ್ತೀನಿ. ಫೋಮ್ 900, ಕ್ರಾಸ್‌ಓವರ್ 200, ಆಂಪ್ಲಿಫೈಯರ್ 1,100, ವೈರ್ 700, ಬ್ಲೂಟೂತ್ 1,800, ಸ್ಟ್ಯಾಂಡ್ 1,000, ಆಟೋ, ಸ್ಕ್ರೂ, ಅಂಟು ಸೇರಿ 400. ಒಟ್ಟು ₹6,100. ಸೌಂಡ್‌ಬಾರ್‌ನಲ್ಲಿ ನಾನು ಕಳ್ಕೊಂಡದ್ದು, ಫೀಸು ಬಿಟ್ಟು, ₹6,500. ತಪ್ಪಿಗೆ ಕೊಟ್ಟಿದ್ದೇ ಸರಿಮಾಡೋಕೆ ಕೊಟ್ಟದ್ದಕ್ಕಿಂತ ಜಾಸ್ತಿ.

ಮನೆಯಲ್ಲಿ ಹಳೇ ಸ್ಟೀರಿಯೋ ಇಲ್ಲದವರು ಏನು ಮಾಡೋದು? ಹತ್ತು ಸಾವಿರದಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಪೀಕರಿಗೆ ಇಡಿ, ಉಳಿದದ್ದರಲ್ಲಿ ಸಣ್ಣ ಕ್ಲಾಸ್ ಡಿ ಆಂಪ್ಲಿಫೈಯರ್, ವೈರ್. ಸ್ಪೀಕರ್ ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ. ನೋಡೋಕೆ ಹೋಗುವಾಗ ಫೋನು, ಕೇಬಲ್ ಜೊತೆಗಿರಲಿ, ನಿಮಗೆ ಬಾಯಿಪಾಠ ಆಗಿರೋ ಹಾಡು ಹಾಕಿ. ಜಾಲರಿ ತೆಗೆಸಿ ಅಂಚು ಮುಟ್ಟಿ ನೋಡಿ. ಒಂದೊಂದು ಟ್ವೀಟರ್ ಹತ್ತಿರ ಕಿವಿ ಇಟ್ಟು ಸದ್ದು ಬರ್ತಿದೆಯಾ ಕೇಳಿ. ಮಾರೋರು ಹಾಕಿ ತೋರಿಸಲ್ಲ ಅಂದ್ರೆ ವಾಪಸ್ ಬನ್ನಿ.

ನನ್ನ ಬಜೆಟ್ಟಲ್ಲಿ ₹3,900 ಉಳಿದಿತ್ತು. ಸಬ್‌ವೂಫರ್ ಹಾಕೋಣ ಅಂತ ಆಸೆ ಇತ್ತು, ಸುಳ್ಳು ಹೇಳಲ್ಲ. ಅದನ್ನ ಹಿಯರಿಂಗ್ ಏಡ್ ಲೆಕ್ಕಕ್ಕೆ ಹಾಕಿದೆ. ಅದು ನಾಲ್ಕು ಸಾವಿರದಲ್ಲಿ ಮುಗಿಯೋ ಖರ್ಚಲ್ಲ, ಒಂದಷ್ಟು ತಿಂಗಳು ಕೂಡಿಸಿದ್ವಿ, ಅಪ್ಪ ತಮ್ಮ ಉಳಿತಾಯದಿಂದಲೂ ಹಾಕಿದ್ರು. ಮೊದಲ ದಿನ ಹಾಕ್ಕೊಂಡಾಗ, "ಈ ಫ್ಯಾನು ಇಷ್ಟು ಸದ್ದು ಮಾಡುತ್ತಾ?" ಅಂತ ಆಶ್ಚರ್ಯ ಪಟ್ರು. ಅಭ್ಯಾಸ ಆಗೋಕೆ ವಾರಗಟ್ಟಲೆ ಬೇಕಾಯ್ತು, ಎರಡು ಸಲ ತೆಗೆದು ಡ್ರಾಯರಲ್ಲಿ ಎಸೆದಿದ್ರು. ಅದರಲ್ಲಿ ಸಂಗೀತಕ್ಕೆ ಅಂತ ಬೇರೆ ಸೆಟ್ಟಿಂಗ್ ಇದೆ, ಅದನ್ನೂ ಹೋಗಿ ಸರಿ ಮಾಡಿಸಿಕೊಂಡು ಬಂದ್ವಿ.

ಮೊದಲಿಗೆ ವಾಲ್ಯೂಮ್ ಇಳಿಸಿ ಅಂದಿದ್ದೆ. ಅಪ್ಪನದು ವಯಸ್ಸಿನಿಂದ ಬಂದದ್ದು. ನಮ್ಮದು ಇಯರ್‌ಫೋನಿಂದ ಅದಕ್ಕಿಂತ ಬೇಗ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ, ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಸದ್ದು ಏರಿದ ಹಾಗೆ ಗಂಟೆ ಇಳಿಯುತ್ತೆ. ಇಲ್ಲೂ 3 ಡೆಸಿಬಲ್ ಏರಿದ್ರೆ ಸಮಯ ಅರ್ಧ. ಬಸ್ಸಿನ ಗದ್ದಲ ಮೀರಿಸೋಕೆ ನಾವು ವಾಲ್ಯೂಮ್ ಪೂರ್ತಿ ಏರಿಸ್ತೀವಲ್ಲ, ಅಲ್ಲೇ ಖರ್ಚಾಗೋದು. ಫೋಮ್ ಹೋದ್ರೆ ರಿಂಗ್ ಸಿಗುತ್ತೆ. ಕಿವಿ ಒಳಗೆ ಒಮ್ಮೆ ಹೋದದ್ದಕ್ಕೆ ಶಿವರಾಂಪೇಟೆಯಲ್ಲಿ ಪಾರ್ಟ್ ಸಿಗಲ್ಲ.

ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಹಾಲ್‌ನಲ್ಲಿ ಆಕಾಶವಾಣಿ ಓಡ್ತಿತ್ತು. ಟ್ರೆಬಲ್ ನಾಬ್ ಮಧ್ಯದಲ್ಲಿತ್ತು, ನಾನು ಮುಟ್ಟಿರಲಿಲ್ಲ. ಪಕ್ಕದ ಮನೆ ಹುಡುಗನ ಪ್ಯಾಂಟ್ ಉದ್ದ ಕಮ್ಮಿ ಮಾಡೋಕೆ ಬಂದಿತ್ತು. "ಯಾವತ್ತಿಗೆ ಬೇಕಪ್ಪ?" ಅಂತ ಅಪ್ಪ ಕೇಳಿದ್ರು. ಹುಡುಗ ಹೇಳಿದ. ಅಪ್ಪ ತಾರೀಕನ್ನ ಒಮ್ಮೆ ತಿರುಗಿ ಹೇಳಿ, ಅವನು ಹೌದು ಅಂದ ಮೇಲೆ ಚೀಟಿಯಲ್ಲಿ ಬರೆದುಕೊಂಡ್ರು.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲೂ ಯಾರಾದ್ರೂ ಟಿವಿ ಸದ್ದು ದಿನೇದಿನೇ ಏರಿಸ್ತಾ ಇದ್ರೆ, ರೇಗೋ ಮುಂಚೆ ಒಂದು ಟೆಸ್ಟ್ ಮಾಡಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.